ಒಡಿಶಾ ರಾಜ್ಯದ ರಚನೆ
ಒಡಿಶಾ: ಬಂಗಾಳ ಕೊಲ್ಲಿಯ ತೀರದಲ್ಲಿರುವ ಪೂರ್ವ ಭಾರತದ ರಾಜ್ಯ, ಭಾಷೆಯ ಆಧಾರದ ಮೇಲೆ 1936ರ ಏಪ್ರಿಲ್ 1ರಂದು ಪ್ರತ್ಯೇಕ ಪ್ರಾಂತ್ಯವಾಯಿತು. ರಾಜಧಾನಿ ಭುವನೇಶ್ವರ. ಪ್ರಾಚೀನ ಕಾಲದಲ್ಲಿ ಇಲ್ಲಿನ ಕರಾವಳಿ ಕಳಿಂಗದ ಭಾಗವಾಗಿತ್ತು. ಅಶೋಕನ ಕಳಿಂಗ ಯುದ್ಧದ ಅನಂತರ ಖಾರವೇಲ, ಪೂರ್ವ ಗಂಗರು, ಗಜಪತಿಗಳು ಆಳಿದರು. ಪೂರ್ವ ಗಂಗರ ಶಾಸನಗಳು ಅವರ ಮೂಲವನ್ನು ಕೋಲಾರದ ಗಂಗರೊಂದಿಗೆ ಜೋಡಿಸುತ್ತವೆ. 1568ರಲ್ಲಿ ಬಂಗಾಳದ ಕರಾನಿ ಸುಲ್ತಾನರಿಗೆ ಸೋತ ನಾಡು ಮುಂದೆ ಮೊಗಲರ, ಮರಾಠರ, 1803ರಲ್ಲಿ ಬ್ರಿಟಿಷರ ವಶವಾಯಿತು.

ಬ್ರಿಟಿಷರ ಕಾಲದಲ್ಲಿ ಒಡಿಯಾ ಭಾಷಿಕರು ಬಂಗಾಳ, ಮದ್ರಾಸ್, ಮಧ್ಯ ಪ್ರಾಂತ್ಯಗಳಲ್ಲಿ ಹಂಚಿಹೋಗಿ ಎಲ್ಲೆಡೆ ಅಲ್ಪಸಂಖ್ಯಾತರಾದರು. ಸುಮಾರು 10 ಲಕ್ಷ ಜನರನ್ನು ಬಲಿ ಪಡೆದ 1866ರ ಘೋರ ಕ್ಷಾಮ ದೂರದ ಕಲ್ಕತ್ತೆಯ ಆಡಳಿತದ ನಿರ್ಲಕ್ಷ್ಯವನ್ನು ಬಯಲುಮಾಡಿತು. ಶಾಲೆಗಳಿಂದ ಒಡಿಯಾವನ್ನು ಕೈಬಿಡುವ ವಾದಕ್ಕೆ ಫಕೀರ ಮೋಹನ ಸೇನಾಪತಿ ಮೊದಲಾದವರು ಪ್ರತಿರೋಧ ಒಡ್ಡಿದರು. ಮಧುಸೂದನ ದಾಸರು 1903ರಲ್ಲಿ ಸ್ಥಾಪಿಸಿದ ಉತ್ಕಲ ಸಮ್ಮಿಲನಿ ಏಕೀಕರಣ ಚಳವಳಿಗೆ ನೆಲೆಯಾಯಿತು. 1912ರಲ್ಲಿ ಬಿಹಾರ–ಒಡಿಶಾ ಜಂಟಿ ಪ್ರಾಂತ್ಯವಾದರೂ ಬೇಡಿಕೆ ತಣಿಯಲಿಲ್ಲ. 1936ರ ಪ್ರಾಂತ್ಯದಲ್ಲಿ ಕಟಕ್, ಪುರಿ, ಬಾಲೇಶ್ವರ, ಸಂಬಲ್‌ಪುರ, ಗಂಜಾಂ, ಕೊರಾಪುಟ್ ಜಿಲ್ಲೆಗಳಿದ್ದವು. 1948–49ರಲ್ಲಿ ದೇಶೀಯ ಸಂಸ್ಥಾನಗಳು ಸೇರಿದವು; ಮಯೂರ್‌ಭಂಜ್ ಕೊನೆಯದು. ಸರಾಯಿಕೇಲಾ, ಖರಸಾವಾಂ ಬಿಹಾರಕ್ಕೆ ಹೋದವು. ರಾಜ್ಯದ ಅಧಿಕೃತ ಹೆಸರು 2011ರಲ್ಲಿ ಒರಿಸ್ಸಾದಿಂದ ಒಡಿಶಾ ಆಯಿತು.