ಜೋಡಿ ಗುರಿ

ನಾನು ಮಳವಳ್ಳಿಯವನು, ನಮ್ಮಾಕೆ ಮದ್ದೂರಿನವಳು. ಸಂಸಾರ ಹೂಡಿರುವುದು ಮಂಡ್ಯದಲ್ಲಿ. ಕಬ್ಬಿನ ಗದ್ದೆಯ ಹಂದಿ ಬೆದರಿಸುವ ಕೋವಿಯ ಹೊರತು ಬೇರೊಂದನ್ನು ಕಾಣದ ನಾವು, ಮೊನ್ನೆ ಬೆಂಗಳೂರಿಗೆ ಹೋಗಿ ಗಾಳಿ ಪಿಸ್ತೂಲು ಹಿಡಿದು ನಿಂತೆವು. ಅದೂ ಜೋಡಿಯಾಗಿ!

ಪಿಸ್ತೂಲಿನ ಪಂದ್ಯ 1896ರ ಏಥೆನ್ಸ್ ಒಲಿಂಪಿಕ್ಸಿನಿಂದಲೂ ಉಂಟು. ಗಂಡು ಹೆಣ್ಣು ಜೋಡಿಯ ಪಂದ್ಯ ಅಲ್ಲಿ ಸೇರಿದ್ದು ಮಾತ್ರ 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ. ಅದಕ್ಕೆ ಎಡೆಮಾಡಲು ಗಂಡಸರ 50 ಮೀಟರ್ ಪಿಸ್ತೂಲನ್ನು ಕೈಬಿಟ್ಟರು. 2016ರಲ್ಲಿ ರಿಯೋದ ಆ ಕೊನೆಯ ಪಂದ್ಯಕ್ಕೆ ನಿಂತವರಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪನವರೂ ಒಬ್ಬರು. ಹಳೆಯದು ಹೋಯಿತಲ್ಲ ಎಂದು ನನಗೆ ಕಸಿವಿಸಿ. "ಹೋಗಲಿ ಬಿಡಿ, ನಮಗೂ ಜಾಗವಾಯಿತಲ್ಲ" ಎಂದು ನಮ್ಮಾಕೆ. ಅವಳ ಪಕ್ಷಕ್ಕೆ ಸಾಕ್ಷಿಯೂ ಇದೆ: 2023ರಲ್ಲಿ ಹಾಂಗ್‌ಝೌ ಏಷ್ಯನ್ ಕೂಟದಲ್ಲಿ ಕನ್ನಡನಾಡಿನ ಟಿ. ಎಸ್. ದಿವ್ಯಾ, ಸರಬ್ಜೋತ್ ಸಿಂಗರ ಜೊತೆಗೂಡಿ ಬೆಳ್ಳಿ ಗೆದ್ದರು. ಚೀನದ ಜೋಡಿಗೆ ಸೋತದ್ದು 14–16ರಿಂದ.

ಆಗಿನ ಲೆಕ್ಕ ಹೀಗಿತ್ತು. ಅಂತಿಮ ಸುತ್ತಿನಲ್ಲಿ ಇಬ್ಬರೂ ಒಂದೊಂದು ಗುಂಡು ಹೊಡೆಯಬೇಕಿತ್ತು. ಎರಡನ್ನೂ ಕೂಡಿಸಿ ಹೆಚ್ಚು ಬಂದ ಜೋಡಿಗೆ 2 ಅಂಕ, ಸಮನಾದರೆ ಒಂದೊಂದು, ಮೊದಲು 16 ಮುಟ್ಟಿದವರು ಗೆಲ್ಲುತ್ತಿದ್ದರು. ಹಳೆಯ ಪಂದ್ಯದಲ್ಲಿ ನನ್ನ ತಪ್ಪು ನನಗೆ. ಇಲ್ಲಿ ಅದು ಹೆಂಡತಿಯ ತಲೆಗೂ!

ಗುರಿಯ ನಡುವಣ ವೃತ್ತ 10 ಮೀಟರ್ ದೂರದಲ್ಲಿ ಅಂಗಿಯ ಗುಂಡಿಯಷ್ಟು. ಒಂದೇ ಕೈಯಲ್ಲಿ ಹಿಡಿಯಬೇಕು. ಆಕೆ ಎರಡು ಸಲ ಹತ್ತಕ್ಕೆ ಹೊಡೆದಳು. ಎರಡು ಸಲವೂ ನಾನು ನಾಲ್ಕಕ್ಕೆ ಇಳಿಸಿದೆ. ಎದುರಿನ ಅಣ್ಣತಂಗಿ ನಗುತ್ತ ಗೆದ್ದರು.

ರೈಲಿನಲ್ಲಿ ಮದ್ದೂರು ಬರುವವರೆಗೂ ಮಾತಿಲ್ಲ. ವಡೆಯವನು ಬಂದಾಗ ಆಕೆಯೇ ಎರಡು ಕೊಂಡು, ಒಂದನ್ನು ನನ್ನ ಕೈಗಿಟ್ಟು, "ಬರುವ ಭಾನುವಾರ ಎಷ್ಟು ಗಂಟೆಗೆ?" ಎಂದಳು.