ಗಣಕ ನಕ್ಷೆಯ ಕೇಂದ್ರಬಿಂದು: ಎಲ್ಲಿಡಬೇಕು, ಏಕೆ ಸರಿಸಬೇಕು?

ರಾಜ್ಯ, ಜಿಲ್ಲೆ, ಗ್ರಾಮ, ಕೆರೆ, ಜಮೀನು ಇವೆಲ್ಲವೂ ಗಣಕ ನಕ್ಷೆಯಲ್ಲಿ ಗಡಿರೇಖೆಯಿಂದ ಸುತ್ತುವರಿದ ಬಹುಭುಜಾಕೃತಿಗಳಾಗಿ ದಾಖಲಾಗುತ್ತವೆ. ಇಂತಹ ಆಕೃತಿಯ ಇಡೀ ವಿಸ್ತೀರ್ಣವನ್ನು ಪ್ರತಿನಿಧಿಸಲು ತಂತ್ರಾಂಶವು ಗುರುತಿಸುವ ಒಂದೇ ಬಿಂದುವಿಗೆ 'ಸೆಂಟ್ರಾಯ್ಡ್' ಅಥವಾ ಕೇಂದ್ರಬಿಂದು ಎಂದು ಹೆಸರು. ಊರಿನ ಹೆಸರನ್ನು ಬರೆಯುವ ಸ್ಥಾನ, ಎರಡು ಪ್ರದೇಶಗಳ ನಡುವಿನ ದೂರದ ಎಣಿಕೆ, ವಿಳಾಸದ ಹುಡುಕಾಟ ಮುಂತಾದವು ಅನೇಕ ವೇಳೆ ಈ ಬಿಂದುವನ್ನೇ ಅವಲಂಬಿಸಿರುತ್ತವೆ.

ಹೊರಗೆ ಬೀಳುವ ಕೇಂದ್ರ

ರಟ್ಟಿನಲ್ಲಿ ಕತ್ತರಿಸಿದ ನಕ್ಷೆಯನ್ನು ಮೊಳೆಯ ತುದಿಯ ಮೇಲೆ ಓಲಾಡದಂತೆ ನಿಲ್ಲಿಸಿದರೆ, ಆಧಾರ ದೊರೆಯುವ ಸ್ಥಾನವೇ ಗಣಿತದ ಪ್ರಕಾರ ಅದರ ಕೇಂದ್ರ. ಆದರೆ ಕುದುರೆ ಲಾಳದ ಆಕಾರದ ಪ್ರದೇಶದಲ್ಲಿ ಈ ಬಿಂದು ಗಡಿಯ ಹೊರಗೇ ಬೀಳಬಹುದು. ಪುದುಚೇರಿ, ಕಾರೈಕಲ್, ಮಾಹೆ ಮತ್ತು ಯಾನಂ ಎಂಬ ನಾಲ್ಕು ಬಿಡಿ ಭಾಗಗಳುಳ್ಳ ಪುದುಚೇರಿ ಕೇಂದ್ರಾಡಳಿತ ಪ್ರದೇಶದಂತಹ ಕಡೆಗಳಲ್ಲಿಯೂ ಸರಾಸರಿ ಬಿಂದು ಯಾವುದಾದರೂ ಒಂದು ಭಾಗದ ಒಳಗೇ ಇರಬೇಕೆಂಬ ನಿಯಮವಿಲ್ಲ.

ಸರಿಸುವ ವಿಧಾನ

ಕ್ಯೂಜಿಐಎಸ್ ಮತ್ತು ಪೋಸ್ಟ್‌ಜಿಐಎಸ್ ತಂತ್ರಾಂಶಗಳಲ್ಲಿ ಗಣಿತೀಯ ಕೇಂದ್ರದ ಜೊತೆಗೆ, ಆಕೃತಿಯ ಒಳಗೇ ಇರುವ ಬಿಂದುವನ್ನು ಕೊಡುವ 'ಪಾಯಿಂಟ್ ಆನ್ ಸರ್ಫೇಸ್' ಎಂಬ ಸೌಲಭ್ಯವೂ ಇದೆ. ಮ್ಯಾಪ್‌ಇನ್ಫೊದಲ್ಲಿ ಪದರವನ್ನು ತಿದ್ದುಪಡಿಗೆ ತೆರೆದು, ಕೇಂದ್ರಬಿಂದುಗಳು ಕಾಣುವಂತೆ ಮಾಡಿ, 'ರೀಶೇಪ್' ಆಯ್ಕೆಯ ಮೂಲಕ ಬಿಂದುವನ್ನು ಮೌಸ್‌ನಿಂದ ಎಳೆದು ಬೇಕಾದಲ್ಲಿ ಇಡಬಹುದು. ಇದರಿಂದ ಗಡಿರೇಖೆ ಬದಲಾಗುವುದಿಲ್ಲ. ಆದರೆ ಆ ಬಿಂದುವನ್ನು ಆಧರಿಸಿದ ಎಲ್ಲ ಲೆಕ್ಕಗಳೂ ಬದಲಾಗುತ್ತವೆ. ಆದ್ದರಿಂದ ಹೆಸರು ಮಾತ್ರ ಸರಿಯಾದ ಜಾಗದಲ್ಲಿ ಕಾಣಬೇಕಿದ್ದರೆ ಹೆಸರನ್ನಷ್ಟೇ ಸರಿಸಿ, ಮೂಲ ಕೇಂದ್ರವನ್ನು ಹಾಗೆಯೇ ಉಳಿಸಿಕೊಳ್ಳುವುದು ಲೇಸು.

ಕಾನ್ಸಾಸ್‌ನ ತೋಟದ ಮನೆ

ಬಿಂದುವಿನ ಆಯ್ಕೆ ಕೇವಲ ನಕ್ಷೆಗಾರರ ವಿಷಯವಲ್ಲ ಎಂಬುದಕ್ಕೆ ಅಮೆರಿಕದ ಪ್ರಕರಣವೊಂದು ಸಾಕ್ಷಿ. ಆ ದೇಶದ ಒತ್ತಟ್ಟಿನ 48 ರಾಜ್ಯಗಳ ಭೌಗೋಳಿಕ ಕೇಂದ್ರವನ್ನು 1918ರಲ್ಲಿ ರಟ್ಟಿನ ನಕ್ಷೆಯ ಸಮತೋಲನದಿಂದಲೇ ಗುರುತಿಸಲಾಗಿತ್ತು. ಅದು ಕಾನ್ಸಾಸ್ ರಾಜ್ಯದ ಲೆಬನಾನ್ ಪಟ್ಟಣದ ಸಮೀಪವಿದೆ. ಅಂತರಜಾಲದ ಐಪಿ ವಿಳಾಸಗಳಿಗೆ ಸ್ಥಳ ಸೂಚಿಸುವ ಮ್ಯಾಕ್ಸ್‌ಮೈಂಡ್ ಸಂಸ್ಥೆ 2002ರಲ್ಲಿ, 'ಅಮೆರಿಕದಲ್ಲಿ ಎಲ್ಲೋ ಒಂದೆಡೆ' ಎಂದಷ್ಟೇ ತಿಳಿದಿದ್ದ ವಿಳಾಸಗಳಿಗೆ ಪೂರ್ಣಾಂಕದ ಅನುಕೂಲಕ್ಕಾಗಿ 38 ಡಿಗ್ರಿ ಉತ್ತರ ಅಕ್ಷಾಂಶ, 97 ಡಿಗ್ರಿ ಪಶ್ಚಿಮ ರೇಖಾಂಶವನ್ನು ಆರಿಸಿಕೊಂಡಿತು. ಲೆಬನಾನ್‌ನಿಂದ 200 ಕಿ.ಮೀ.ಗೂ ಹೆಚ್ಚು ದೂರದ ಆ ಬಿಂದು ಪಾಟ್ವಿನ್ ಎಂಬ ಪುಟ್ಟ ಊರಿನ ಬಳಿಯ ತೋಟದ ಮನೆಯೊಂದರ ಅಂಗಳದಲ್ಲಿತ್ತು.

ಕಾಲಕ್ರಮೇಣ 60 ಕೋಟಿಗೂ ಹೆಚ್ಚು ಐಪಿ ವಿಳಾಸಗಳು ಅದೇ ಅಂಗಳಕ್ಕೆ ಜೋಡಣೆಯಾದವು. ಕಳವಾದ ವಾಹನ, ಕಾಣೆಯಾದ ಮಕ್ಕಳು, ವಂಚನೆಯ ಜಾಡು ಹಿಡಿದು ಪೊಲೀಸರೂ ಕೇಂದ್ರ ತನಿಖಾಧಿಕಾರಿಗಳೂ ಮತ್ತೆ ಮತ್ತೆ ಆ ಮನೆಯ ಬಾಗಿಲು ತಟ್ಟಿದರು. ಮೋಸಹೋದ ಜನರೂ ಮನೆಯವರನ್ನೇ ದೂಷಿಸಿದರು. ಕಾರಣವೇನೆಂಬುದು 2016ರ ಪತ್ರಿಕಾ ವರದಿಯಿಂದ ಬಯಲಾಯಿತು. ಅದೇ ವರ್ಷ ಬಾಡಿಗೆದಾರ ದಂಪತಿ ಸಂಸ್ಥೆಯ ವಿರುದ್ಧ ನ್ಯಾಯಾಲಯದ ಮೊರೆಹೋದರು. ಸಂಸ್ಥೆಯು ಬಿಂದುವನ್ನು ವಿಚಿಟಾ ನಗರದ ಪಶ್ಚಿಮಕ್ಕಿರುವ ಸರೋವರದ ನಡುವೆ ಸರಿಸಿತು.

ನೀರಿನ ನಡುವೆ ಯಾರ ಮನೆಯೂ ಇರುವುದಿಲ್ಲ ಎಂಬುದು ಈ ಪರಿಹಾರದ ಸರಳ ತರ್ಕ. ಆದರೂ ಸ್ಥಾನ ಬದಲಾವಣೆ ಅರ್ಧ ಪರಿಹಾರ ಮಾತ್ರ. ಬಿಂದುವು ಎಷ್ಟು ಕಿಲೋಮೀಟರ್ ವ್ಯಾಪ್ತಿಯನ್ನು ಪ್ರತಿನಿಧಿಸುತ್ತದೆ ಎಂಬ ಮಾಹಿತಿಯೂ ಅದರ ಜೊತೆಗೇ ಇರಬೇಕು, ಬಳಸುವವರು ಅದನ್ನು ಓದಲೂ ಬೇಕು. ಕೇಂದ್ರಬಿಂದು ಒಂದು ಪ್ರದೇಶದ ಪ್ರತಿನಿಧಿಯೇ ಹೊರತು ಯಾರದೇ ಮನೆಯ ವಿಳಾಸವಲ್ಲ.