ಅಜ್ಜನ ಕೈಯಲ್ಲಿರೋದು ಯಾವ ಕೋವಿ?

ಕೊಡಗಿನ ಎಷ್ಟೋ ಐನ್‌ಮನೆಗಳ ಗೋಡೆ ಮೇಲೆ ಕುಪ್ಯ ತೊಟ್ಟು, ಪೀಚೆಕತ್ತಿ ಸಿಕ್ಕಿಸಿ, ಕೋವಿ ಹಿಡಿದು ನಿಂತ ಹಿರಿಯರ ಫೋಟೋ ಇರುತ್ತೆ. ‘ಅದು ರಾಜರ ಕಾಲದ ಕೋವಿ’ ಅನ್ನೋ ಮಾತೂ ಜೊತೆಗೇ ಬರುತ್ತೆ. ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಬ್ರಿಟಿಷರು ಇಳಿಸಿದ್ದು 1834ರಲ್ಲಿ. ಮಾತು ನಿಜವಾ ಅಂತ ಹಳೇ ಲೈಸೆನ್ಸು ಹುಡುಕೋಣ ಅಂದ್ರೆ, 1861ರಲ್ಲೇ ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ಕೊಟ್ಟುಬಿಟ್ಟಿದ್ದ. ಹಾಗಾಗಿ ಫೋಟೋವನ್ನೇ ಕೇಳಬೇಕು.

ನಾನು ಮೊದಲು ನೋಡೋದು ಟ್ರಿಗರ್ ಸುತ್ತಲಿನ ಜಾಗ. ಕುದುರೆಯ ಬಾಯಲ್ಲಿ ಚಕಮಕಿ ಕಲ್ಲು ಕಚ್ಚಿಸಿದ್ದರೆ ರಾಜರ ಕಾಲ ಸಾಧ್ಯ. ಕುದುರೆ ಸುತ್ತಿಗೆಯಂತಿದ್ದು, ನಳಿಗೆಯ ಕೆಳಗೆ ಮದ್ದು ಜಡಿಯೋ ಕೋಲಿದ್ದರೆ ಅದು ಕೇಪಿನ ಕೋವಿ. ಬ್ರಿಟಿಷ್ ಸೇನೆ ಕೇಪಿಗೆ ಬದಲಾಗಿದ್ದು 1840ರ ಆಸುಪಾಸು. ಆದ್ರೂ ಕಥೆ ತಳ್ಳಿಹಾಕೋ ಹಾಗಿಲ್ಲ, ಹಳೇ ಕಲ್ಲಿನ ಕೋವಿಗಳನ್ನೇ ಕೇಪಿಗೆ ಮಾರ್ಪಡಿಸುತ್ತಿದ್ದರು. ಹೊರಗೆ ಕುದುರೆಯೇ ಇಲ್ಲದೆ, ಟ್ರಿಗರ್ ಹಿಂದೆ ಉದ್ದನೆಯ ಲಿವರ್ ಕಂಡರೆ ಅದು ಮಾರ್ಟಿನಿ ಜಾತಿಯದು. ಮಾರ್ಟಿನಿ-ಹೆನ್ರಿ ಸೇನೆಗೆ ಬಂದಿದ್ದೇ 1871ರಲ್ಲಿ. ಅಲ್ಲಿಗೆ ರಾಜರ ಕಥೆ ಮುಗೀತು.

ಫೋಟೋ ತಿರುವುಮುರುವಾಗಿದೆಯಾ ಅಂತಲೂ ನೋಡಬೇಕು. ಅಮೆರಿಕದ ಬಿಲ್ಲಿ ದ ಕಿಡ್ ಎಡಚ ಅಂತ ಜನ ಎಷ್ಟೋ ವರ್ಷ ನಂಬಿದ್ದರು. ಅವನ ಪ್ರಸಿದ್ಧ ಫೋಟೋ ತಗಡಿನ ಮೇಲೆ ತೆಗೆದದ್ದು, ಅದರಲ್ಲಿ ಎಡ ಬಲ ಕನ್ನಡಿಯಂತೆ ಅದಲುಬದಲು. ಗುಟ್ಟು ಹೇಳಿದ್ದು ಕೈಲಿದ್ದ 1873ರ ವಿಂಚೆಸ್ಟರ್: ಬಲಗಡೆ ಇರಬೇಕಾದ ತೋಟಾ ತುಂಬೋ ಕಿಂಡಿ ಎಡಗಡೆ ಕಾಣುತ್ತಿತ್ತು. ಕೇಪಿನ ಕೋವಿಯಲ್ಲೂ ಕುದುರೆ ಸಾಮಾನ್ಯವಾಗಿ ಬಲಗಡೆಯೇ.

ಇಷ್ಟಾದ್ರೂ ಕೋವಿ ಹೇಳೋದು ‘ಇದಕ್ಕಿಂತ ಮೊದಲಲ್ಲ’ ಅಂತ ಮಾತ್ರ. ಸರ್ವರಿನಲ್ಲಿ ಹತ್ತು ವರ್ಷದ ಹಿಂದಿನ ವರ್ಷನ್ ಓಡ್ತಿದೆ ಅಂದ್ರೆ ನಾವು ಹತ್ತು ವರ್ಷ ಹಿಂದಿದ್ದೀವಿ ಅಂತಲ್ಲವಲ್ಲ! ಕೊಡಗಲ್ಲಂತೂ ಕೋವಿ ಮನೆಯ ಆಸ್ತಿ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೈಲ್‌ಪೊಳ್ದ್ ದಿನ ಅದಕ್ಕೆ ತೋಕ್‌ಪೂ ಮುಡಿಸಿ ಪೂಜೆ. ಹೀಗೆ ತಲೆಮಾರು ದಾಟಿ ಬಂದ ಕೋವಿಯನ್ನು 1920ರಲ್ಲಿ ಮೊಮ್ಮಗ ಹಿಡಿದು ನಿಂತಿರಬಹುದು.

ಅದು ಅಜ್ಜನಾ, ಮುತ್ತಜ್ಜನಾ ಅಂತ ಕೋವಿ ಹೇಳಲ್ಲ. ಅದು ಗೊತ್ತಿರೋದು ಮನೆಯ ಹಿರಿಯರಿಗೆ. ಈ ಸಲ ಕೈಲ್‌ಪೊಳ್ದ್‌ಗೆ ಊರಿಗೆ ಹೋದಾಗ ಫೋಟೋ ಇಳಿಸಿ, ಅವರನ್ನು ಕೇಳಿ, ಹಿಂದುಗಡೆ ಪೆನ್ಸಿಲಿನಲ್ಲಿ ಹೆಸರು ಬರೆದಿಡಿ.